ಎತ್ತದ ಸೊಲ್ಲು

ಊರು ಇನ್ನೂ ನೀರಿನ ಮೇಲಿದ್ದಾಗ ಕೆರಿಯಮ್ಮ ತನ್ನ ಜೋಡಿ ಮೂಕಮ್ಮನ ಅಂಗೈಯಲ್ಲಿ ವೀಳ್ಯದೆಲೆ ಇಟ್ಟು ಒಂದು ಮಾತು ಕೊಟ್ಟಿದ್ದಳು. "ನಿನ್ನ ಸೊಲ್ಲು ಎತ್ತಿದ ಬಾಯಿ ಇದು. ಇನ್ನೊಬ್ಬರ ಸೊಲ್ಲು ಎತ್ತೋದಿಲ್ಲ ಕಣೆ."

ಶರಾವತಿಗೆ ಅಡ್ಡ ಕಟ್ಟೆ ಏಳುತ್ತಿದ್ದ ಕಾಲ. ಮುಳುಗಲಿದ್ದ ಮನೆಗಳ ಹೆಂಚು ಇಳಿಸಿ ಲಾರಿಗೆ ತುಂಬುತ್ತಿದ್ದರು. ಮೂಕಮ್ಮನ ಮಗನಿಗೆ ಹೊಸನಗರದ ಕಡೆ ಜಾಗ ಕೊಟ್ಟಿದ್ದರು, ಕೆರಿಯಮ್ಮನ ಮಗ ಸಾಗರಕ್ಕೆ ಹೊರಟಿದ್ದ. ಲಾರಿ ಎರಡೂ ಅಕ್ಕಪಕ್ಕ ನಿಂತಿದ್ದವು. ಮುದುಕಿಯರಿಬ್ಬರೂ ಬೋಳಾದ ಜಗಲಿಯ ಮೇಲೆ ಕೂತು ಕೊನೆಯ ಎಲೆಯಡಿಕೆ ಕವಳ ಹಾಕಿದರು.

ಆ ಊರಿನ ಹೆಂಗಸರಲ್ಲಿ ಸೋಬಾನೆಯನ್ನು ಒಬ್ಬಳೇ ಹೇಳುವ ಪದ್ಧತಿ ಇರಲಿಲ್ಲ. ಒಬ್ಬಳು ಸೊಲ್ಲು ಕೊಡಬೇಕು, ಇನ್ನೊಬ್ಬಳು ಎತ್ತಬೇಕು. ಕೊಟ್ಟ ಸೊಲ್ಲನ್ನು ಎತ್ತದೆ ಬಿಟ್ಟರೆ ಬಾಗಿಲಿಗೆ ಬಂದ ನೆಂಟರನ್ನು ನೀರು ಕೊಡದೆ ಕಳಿಸಿದಷ್ಟೇ ತಪ್ಪು. ಮೂಕಮ್ಮ ಕೊಡುವವಳು, ಕೆರಿಯಮ್ಮ ಎತ್ತುವವಳು. ಇಬ್ಬರ ಗಂಟಲು ಸೇರದೆ ಆ ಸೀಮೆಯಲ್ಲಿ ಒಂದು ಮದುವೆಯೂ ಆದದ್ದಿಲ್ಲ. ಹೊಸ ಜಾಗದ ಮೊದಲ ಮಳೆಗಾಲದಲ್ಲೇ ಮೂಕಮ್ಮ ಜ್ವರ ಬಂದು ಸತ್ತಳು. ಆಮೇಲೆ ಕೆರಿಯಮ್ಮ ಮದುವೆಮನೆಗೆ ಹೋದರೂ ಊಟ ಮಾಡಿ, ಎಲೆಯಡಿಕೆ ತಗೊಂಡು, ತುಟಿ ಬಿಚ್ಚದೆ ಬರುತ್ತಿದ್ದಳು.

ಸೊಸೆ ದುಗ್ಗಮ್ಮನಿಗೆ ಆ ಜೋಡಿಯ ಹಾಡನ್ನು ಕಿವಿತುಂಬ ಕೇಳುವ ಭಾಗ್ಯ ಸಿಕ್ಕಿರಲಿಲ್ಲ. ಮದುವೆಮನೆಯಲ್ಲಿ ಅತ್ತೆ ಹಸೆಯ ಮುಂದಾದರೆ ಸೊಸೆ ಒಲೆಯ ಮುಂದೆ. ಸಾಗರಕ್ಕೆ ಬಂದ ಮೇಲೂ ಅವಳ ಕೈಗೆ ಬಿಡುವಿರಲಿಲ್ಲ. ಗಂಡ ಮಂಜುನಾಥಪ್ಪ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಇವಳು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಇಡ್ಲಿ ಹಿಟ್ಟು ರುಬ್ಬಿ ಕೊಡುತ್ತಿದ್ದಳು. ಮುಳುಗಿದ ಊರಿಂದ ಇಲ್ಲಿಗೆ ಬಂದವರೆಲ್ಲ ಪೇಟೆಯ ಅಂಚಿನ ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡಿದ್ದರಿಂದ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮನೆಯಲ್ಲಿ ಸೀನು ತರಿಸುತ್ತಿತ್ತು.

ಇಂಥ ಮನೆಯಲ್ಲಿ ಮಗಳು ವಾಗ್ದೇವಿ ಸಂಗೀತದ ಕೃತಿ ಕಟ್ಟುತ್ತಿದ್ದಳು. ಆ ಹೆಸರಿಟ್ಟವರು ಹಳೆಯ ಊರಿನ ಶಾಲೆಯಲ್ಲಿದ್ದು, ಊರಿನವರ ಜೊತೆಗೇ ಸಾಗರಕ್ಕೆ ಬಂದ ಹೂವಯ್ಯ ಮೇಷ್ಟ್ರು. ಶಾಲೆಗೆ ಸೇರಿಸುವ ದಿನ ಹುಡುಗಿ ಪ್ರಾರ್ಥನೆಯನ್ನು ಒಂದೇ ಸಲ ಕೇಳಿ ತಿರುಗಿ ಹಾಡಿದ್ದು ನೋಡಿ, ಮನೆಯವರು ಹೇಳಿದ ಹೆಸರು ಬಿಟ್ಟು ಅವರೇ ಇದನ್ನು ಬರೆದುಕೊಂಡರು. ಪಿಟೀಲು ನುಡಿಸುತ್ತಿದ್ದ ಆ ಮೇಷ್ಟ್ರು ಸಂಜೆ ಅವಳಿಗೆ ಪಾಠ ಹೇಳಿದರು. ಹದಿನಾಲ್ಕಕ್ಕೆ ಅವಳು ತನ್ನದೇ ಒಂದು ಕೃತಿ ಕಟ್ಟಿ ತಂದಾಗ ಮೇಷ್ಟ್ರು ಅದನ್ನು ಎರಡು ಸಲ ಹಾಡಿಸಿ, ಕನ್ನಡಕ ತೆಗೆದು ಒರೆಸಿ, "ಇನ್ಮೇಲೆ ನಾನು ಕಲಿಸೋದು ಕಡಿಮೆ ಮಾಡ್ಬೇಕು. ಇಲ್ದಿದ್ರೆ ಕೆಟ್ಟೀತು," ಎಂದಿದ್ದರು. ರಾಮನವಮಿಯ ಚಪ್ಪರದಲ್ಲಿ ಹಾಡಿದಳು. ಶಿವಮೊಗ್ಗದಲ್ಲಿ ಹಾಡಿದಳು. ಭದ್ರಾವತಿಯ ರೇಡಿಯೋದಲ್ಲಿ ಮೊದಲ ಸಲ ಹಾಡಿದ ದಿನ ಗಿರಣಿಯ ಸಾಹುಕಾರರ ರೇಡಿಯೋದಿಂದ ಮಗಳ ದನಿ ಬಂದದ್ದೇ, ಮಂಜುನಾಥಪ್ಪ ಯಾರನ್ನೂ ಕೇಳದೆ ಎಂಜಿನ್ ನಿಲ್ಲಿಸಿಬಿಟ್ಟಿದ್ದ. ಆಳುಗಳೆಲ್ಲ ಹೊಟ್ಟಿನ ಧೂಳಿನಲ್ಲಿ ನಿಂತಲ್ಲೇ ನಿಂತು ಕೇಳಿದ್ದರು. ಸಾಹುಕಾರರು ಬೈದರಂತೆ. ಅವನು ಮನೆಗೆ ಬಂದು ಹೇಳಿದ್ದು ಬೈಗುಳದ ಸುದ್ದಿ ಮಾತ್ರ.

ಅರವತ್ತೆಂಟರ ಮಾಘದಲ್ಲಿ ಮೇಷ್ಟ್ರು ಹೊಸ ಸುದ್ದಿ ತಂದರು.

"ತೀರ್ಥಹಳ್ಳಿಯ ಸಂಗೀತ ಸಭೆಯವರು ಕರೆದಿದಾರೆ," ಎಂದರು ಬಿಸಿ ಕಡುಬಿಗೆ ಬೆಣ್ಣೆ ಹಚ್ಚಿಕೊಳ್ಳುತ್ತ. "ಬರೀ ಹಾಡೋದಕ್ಕಲ್ಲ. ಕಚೇರಿ ಪೂರ್ತಿ ಇವಳು ಕಟ್ಟಿದ್ದನ್ನೇ ಹಾಡ್ಬೇಕಂತೆ."

ಮಂಜುನಾಥಪ್ಪನ ತುತ್ತು ಅರ್ಧಕ್ಕೆ ನಿಂತಿತು. "ಅಂದ್ರೆ ದೊಡ್ಡೋರು ಮಾಡಿಟ್ಟಿದ್ದು ಬಿಟ್ಟು ಇವಳು ಮಾಡಿದ್ದಾ? ಜನ ಕೂತು ಕೇಳ್ತಾರಾ ಮೇಷ್ಟ್ರೆ?"

"ದೊಡ್ಡೋರೂ ಒಂದು ಕಾಲಕ್ಕೆ ಇಪ್ಪತ್ತೆರಡು ವರ್ಷದವರೇ ಆಗಿದ್ರಲ್ಲ ಮಂಜುನಾಥಪ್ಪ."

"ಆಗಿದ್ರೇನೋ. ಅವರಿಗೆ ಮದುವೆ ಮಾಡೋ ತಲೆಬಿಸಿ ಬೇರೆ ಅಪ್ಪಂದಿರದ್ದು."

"ಮೇಷ್ಟ್ರಿಗೆ ಇನ್ನೊಂದು ಕಡುಬು ಹಾಕೆ," ಎಂದಳು ಕೆರಿಯಮ್ಮ ಒಳಗಿಂದ. ಆ ಮನೆಯಲ್ಲಿ ಜಗಳ ಶುರುವಾಗುವ ಹೊತ್ತಿಗೆ ಅವಳು ಬಡಿಸಲು ಹೇಳುವುದು ವಾಡಿಕೆ.

ಕಚೇರಿಯ ಕೊನೆಗೆ ಹಾಡಲು ವಾಗ್ದೇವಿ ಒಂದು ದೊಡ್ಡ ಕೃತಿ ಹಿಡಿದಿದ್ದಳು. ಅದರ ಪಲ್ಲವಿ ಹೊಸದಲ್ಲ. ಹೊಸ ಸೊಸೆ ಬಾಗಿಲಿಗೆ ಬಂದು ನಿಂತಾಗ ಹೇಳಲೆಂದು ಮೂಕಮ್ಮ, ಕೆರಿಯಮ್ಮ ಸೇರಿ ಕಟ್ಟಿದ್ದ ಸೋಬಾನೆಯ ಸೊಲ್ಲು ಅದು:

ಹೊಸ್ತಿಲ ಮ್ಯಾಲಿನ ತಂಬಿಗೆ ನೀರು
ಯಾರಿಗೆ ಕಾದೈತೆ ಹೇಳವ್ವ

ವಾಗ್ದೇವಿ ಇದನ್ನು ಆನಂದಭೈರವಿ ಎಂಬ ರಾಗಕ್ಕೆ ತಂದಿದ್ದಳು. ಒರಳಿನ ಮುಂದೆ ಕೂತು, ಗುಂಡುಕಲ್ಲು ತಿರುಗಿಸುತ್ತ, ಒಂದೊಂದು ಸುತ್ತಿಗೂ ಸೊಲ್ಲನ್ನು ಒಂದೊಂದು ಬಗೆಯಾಗಿ ಇಳಿಸಿ ನೋಡುತ್ತಿದ್ದಳು. ಪ್ರಶ್ನೆ ಸಿಕ್ಕಿತ್ತು. ಉತ್ತರ ಸಿಕ್ಕಿರಲಿಲ್ಲ.

"ಅಜ್ಜಿ, ಇದಕ್ಕೆ ನೀ ಎಂತ ಹೇಳ್ತಿದ್ದೆ?"

ಕೆರಿಯಮ್ಮ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. "ನಾ ಎಂತದೂ ಹೇಳ್ತಿರ್ಲಿಲ್ಲ."

"ಸುಳ್ಳು. ನಾ ಚಿಕ್ಕೋಳಿದ್ದಾಗ ಕೇಳೀನಿ. ದುಗ್ಗಪ್ಪ ಮಾವನ ಮದುವೇಲಿ ಒಂದು ಕೇಳ್ದಂಗೈತೆ, ಇನ್ನೆಲ್ಲೋ ಬೇರೆ ಕೇಳ್ದಂಗೈತೆ. ಯಾವ್ದು ಸರಿ ಅಂತ ನೆನಪೇ ಆಗ್ತಿಲ್ಲ."

ಮುದುಕಿ ತಲೆ ಎತ್ತಿ ಮೊಮ್ಮಗಳನ್ನು ನೋಡಿದಳು. "ನೆನಪಾಗ್ತಿಲ್ವಾ? ಒಳ್ಳೇದಾಯ್ತು ಬಿಡು."

"ಒಂದೇ ಒಂದ್ಸಲ ಎತ್ತಿ ತೋರಿಸು ಅಜ್ಜಿ. ಯಾರಿಗೂ ಕೇಳಿಸಲ್ಲ."

"ಮೂಕಿಗೆ ಕೇಳಿಸ್ತದೆ," ಎಂದು ಕೆರಿಯಮ್ಮ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಮರುದಿನವೂ ವಾಗ್ದೇವಿ ಅದೇ ಸೊಲ್ಲು ಹಾಡಿ ತಡೆದಳು. ಬೇಲಿಯಾಚೆ ಎಮ್ಮೆಯ ಹಾಲು ಕರೆಯುತ್ತಿದ್ದ ಪಕ್ಕದ ಮನೆಯ ಬೆಳ್ಳಮ್ಮನಿಗೂ ಎತ್ತದ ಸೊಲ್ಲು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಕಾಡಿರಬೇಕು. ಸ್ವಲ್ಪ ಹೊತ್ತು ಕಾದು, ಅಲ್ಲಿಂದಲೇ ರಾಗ ಎಳೆದಳು: "ನಮ್ಮನೆ ಎಮ್ಮೆಗೆ ಕಾದೈತೆ ಕೊಡವ್ವ!"

ವಾಗ್ದೇವಿ ನಕ್ಕು ಗುಂಡುಕಲ್ಲು ಬಿಟ್ಟಳು. ದುಗ್ಗಮ್ಮನೂ ಸೆರಗು ಬಾಯಿಗೆ ಇಟ್ಟುಕೊಂಡಳು. ಕೆರಿಯಮ್ಮ ಮಾತ್ರ ನಗಲಿಲ್ಲ. "ಬೆಳ್ಳಿ, ಬರದಿದ್ರೆ ಸುಮ್ನಿರು. ಸೊಲ್ಲು ಕೆಡಿಸ್ಬೇಡ," ಎಂದು ಬೇಲಿಗೆ ಕೇಳುವಂತೆ ಬೈದಳು.

ಅದೇ ವಾರ ಹೊಸನಗರದಿಂದ ಮಾಸ್ತಮ್ಮ ಎಂಬಾಕೆ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಳು. ಹುಡುಗ ಫಾರೆಸ್ಟ್ ಆಫೀಸಿನಲ್ಲಿ ಗುಮಾಸ್ತ, ಮಾತು ಕಡಿಮೆ, ಬಡಿಸಿದ್ದನ್ನು ಎಲೆಯಲ್ಲಿ ಬಿಡದೆ ಉಂಡ. ಮಾಸ್ತಮ್ಮ ಒಂದು ದೇವರನಾಮ ಹಾಡಿಸಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ತೇವವಾಯಿತು. ಒರೆಸಿಕೊಂಡು ಮಂಜುನಾಥಪ್ಪನ ಕಡೆ ತಿರುಗಿದಳು.

"ಹುಡುಗಿ ಒಪ್ಪಿಗೆ. ದೇವರ ಮುಂದೆ ಕೂತು ದಿನಾ ಹೀಂಗೆ ಹಾಡ್ಲಿ, ಮನೆಗೆ ಲಕ್ಷಣ. ಆದ್ರೆ ಸಭೆ, ರೇಡಿಯೋ ಅದೆಲ್ಲ ಆಗ್ಲಿಕ್ಕಿಲ್ಲ. ನಮ್ಮಲ್ಲಿ ಹೆಂಗಸ್ರು ಟಿಕೀಟು ತಗೊಂಡೋರ ಮುಂದೆ ಹಾಡಿದ್ದಿಲ್ಲ."

"ತೀರ್ಥಹಳ್ಳೀಲಿ ಟಿಕೀಟಿಲ್ಲ ಅತ್ತೆ," ಎಂದಳು ವಾಗ್ದೇವಿ ಮೆಲ್ಲಗೆ.

"ನಿನ್ನ ಕೇಳಿದ್ನಾ?" ಎಂದ ಅಪ್ಪ.

ಅವರು ಬಸ್ಸು ಹತ್ತಿದ ಮೇಲೆ ಮನೆಯಲ್ಲಿ ಮಾತು ಬೆಳೆಯಿತು.

"ಇಂಥ ಸಂಬಂಧ ಮತ್ತೆ ಬತ್ತದಾ? ಮುಳುಗಿದ ಊರಿನೋರ ಮನೆಗೆ ಯಾರೇ ಹೆಣ್ಣು ಕೇಳ್ಕೊಂಡು ಬರೋದು?" ಎಂದು ಮಂಜುನಾಥಪ್ಪ ಹೆಂಡತಿಗೆ ಹೇಳಿದ, ಕೇಳಬೇಕಾದವಳು ಮಗಳು.

"ನನ್ನ ಹಾಡು ಮುಳುಗಿಸಿ ಆ ಮನೆ ಸೇರ್ಬೇಕಾ ಅಪ್ಪ?"

"ಹಾಡು ಹೊಟ್ಟೆ ತುಂಬಿಸ್ತದಾ?"

"ನೀವು ಎಂಜಿನ್ ನಿಲ್ಸಿದ್ರಲ್ಲ, ಅವತ್ತು ಹೊಟ್ಟೆ ತುಂಬಿರ್ಲಿಲ್ವಾ?" ಎಂದುಬಿಟ್ಟಳು ದುಗ್ಗಮ್ಮ. ಗಂಡನಿಗೆ ಎದುರು ಹೇಳಿ ಅಭ್ಯಾಸವಿಲ್ಲದ ಅವಳಿಗೆ ತನ್ನ ಮಾತು ಕೇಳಿ ತನಗೇ ಗಾಬರಿಯಾಯಿತು. ಒಲೆ ಆರಿಲ್ಲದಿದ್ದರೂ ಊದುಕೊಳವೆ ಹಿಡಿದು ಊದಲು ಕೂತಳು.

ಮಂಜುನಾಥಪ್ಪ ಟವೆಲು ಕೊಡವಿ ಎದ್ದ. "ತೀರ್ಥಹಳ್ಳಿದೊಂದು ಆಗ್ಲಿ. ಮೇಷ್ಟ್ರಿಗೆ ಒಪ್ಕೊಂಡಾಗೈತೆ. ಅದೇ ಕೊನೆ. ಅದಾದ್ಮೇಲೆ ಹೊಸನಗರಕ್ಕೆ ಹೋಗಿ ಎಲೆಯಡಿಕೆ ಕೊಟ್ಟು ಬತ್ತೀನಿ."

ಕೊನೆಯದು ಎಂದಮೇಲೆ ವಾಗ್ದೇವಿ ಮತ್ತೆ ವಾದಿಸಲಿಲ್ಲ. ಹಿಟ್ಟು ರುಬ್ಬಿದಳು, ನೀರು ಸೇದಿದಳು, ಸೊಲ್ಲಿಗೆ ಉತ್ತರ ಹುಡುಕಿದಳು. ತಾನೇ ಕಟ್ಟಿದ ಒಂದೊಂದು ಉತ್ತರವನ್ನೂ ಹಾಡಿ ನೋಡಿ, ಉಪ್ಪು ಹೆಚ್ಚಾದ ಸಾರು ಕುಡಿದವಳಂತೆ ಮುಖ ಕಿವಿಚಿ ಬಿಟ್ಟಳು. ಕೊನೆಗೊಂದು ದಿನ ಮೇಷ್ಟ್ರ ಎದುರು ಪಲ್ಲವಿ ಹಾಡಿ, ಉತ್ತರ ಬರಬೇಕಾದ ಜಾಗದಲ್ಲಿ ಬಾಯಿ ಮುಚ್ಚಿ, ತೊಡೆಯ ಮೇಲೆ ತಾಳವನ್ನಷ್ಟೇ ಹಾಕುತ್ತ ಕೂತಳು. ತಾಳದ ಒಂದು ಸುತ್ತು, ಒಂದು ಆವರ್ತ, ಪೂರ್ತಿ.

"ಎಂಥದಮ್ಮ ಇದು?"

"ಅದು ಅಜ್ಜಿ ಜಾಗ ಸಾರ್. ಬೇರೆ ಎಂತ ಇಟ್ರೂ ಕೂರೋದಿಲ್ಲ. ಖಾಲಿ ಇರ್ಲಿ."

"ಸಭೆಯವರು ಮರೆತುಹೋದಳು ಅಂದ್ಕೊಳ್ತಾರೆ."

"ಅಂದ್ಕೊಳ್ಲಿ ಸಾರ್."

ಮಂಜುನಾಥಪ್ಪ ಉಣ್ಣುತ್ತ ಕೂತಿದ್ದವನು, "ತೂತು ಬಿದ್ದ ಕೊಡ ಹೊತ್ಕೊಂಡು ತೀರ್ಥಹಳ್ಳಿಗೆ ಹೋಗ್ತಾಳಂತೆ ನಿಮ್ಮ ಶಿಷ್ಯೆ," ಎಂದ.

ಆದರೆ ಆ ಖಾಲಿ ಜಾಗ ಸಹಿಸಲಾಗದೆ ಹೋದವಳು ಕೆರಿಯಮ್ಮ. ದಿನಕ್ಕೆ ಹತ್ತಾರು ಸಲ ಸೊಲ್ಲು ಬಂದು ಅವಳ ಬಾಗಿಲಲ್ಲಿ ನಿಲ್ಲುತ್ತಿತ್ತು. ಎತ್ತುವಂತಿಲ್ಲ, ಎತ್ತದೆ ಇರುವಂತಿಲ್ಲ. ಮೊದಮೊದಲು ಆ ಜಾಗ ಬಂದಾಗ ಪಾತ್ರೆ ಬಡಿದಳು, ಕೆಮ್ಮಿದಳು, ಕೋಳಿಗಳನ್ನು ಬೈದಳು. ಒಂದು ಬೆಳಿಗ್ಗೆ ಕೈಚೀಲಕ್ಕೆ ಸೀರೆ ತುರುಕಿಕೊಂಡು ಅಂಗಳಕ್ಕಿಳಿದಳು.

"ಎಲ್ಲಿಗೆ ಅತ್ತೆ?"

"ರಿಪ್ಪನ್‌ಪೇಟೆಗೆ. ಪುಷ್ಪಿ ಮನೇಲಿ ಇರ್ತೀನಿ. ಇವಳು ಸೊಲ್ಲು ಕೊಟ್ಟು ಕೊಟ್ಟು ನನ್ನ ಕೊಲ್ತಾಳೆ."

"ತೀರ್ಥಹಳ್ಳಿ ಹಾಡು ಮುಗಿಯೋವರೆಗಾದ್ರೂ ಇರಿ ಅತ್ತೆ."

"ಅದಕ್ಕೇ ಹೋಗ್ತಿರೋದು ಮಾರಾಯ್ತಿ!"

ಅತ್ತೆ ತನ್ನ ಮಗಳು ಪುಷ್ಪಮ್ಮನ ಮನೆಗೆ ಹೋದ ಮೇಲೆ ಕಾಯಿ ತುರಿಯುವುದು, ಅಕ್ಕಿ ಆರಿಸುವುದು, ಕೋಳಿ ಕೂಡಿಹಾಕುವುದು ಎಲ್ಲ ದುಗ್ಗಮ್ಮನ ತಲೆಗೆ ಬಂತು. ಸೊಂಟ ನೋಯುತ್ತಿದ್ದರೂ ಮಗಳಿಗೆ ಮಾತ್ರ, "ನೀ ಹಾಡ್ಕೋ, ನಾ ನೋಡ್ಕೊಳ್ತೀನಿ," ಎನ್ನುತ್ತಿದ್ದಳು.

ಒಂದು ಸಂಜೆ ಅವಳು ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ವಾಗ್ದೇವಿ ಒಳಗೆ ಕೃತಿಯನ್ನು ಮೊದಲಿಂದ ಕೊನೆಯವರೆಗೆ ಹಾಡಿದಳು. ದುಗ್ಗಮ್ಮನಿಗೆ ರಾಗ ತಿಳಿಯದು, ತಾಳ ತಿಳಿಯದು. ಆದರೂ ಬೂದಿ ಹಿಡಿದ ಕೈ ಹಾಗೆಯೇ ನಿಂತಿತು. ಬೇಲಿಯಾಚೆ ಬೆಳ್ಳಮ್ಮ ಅರ್ಧ ಸೇದಿದ ಕೊಡವನ್ನು ಹಗ್ಗದಲ್ಲೇ ಹಿಡಿದು ನಿಂತಿದ್ದಳು. ಆ ದನಿ ಕೆಳಗಿಳಿದರೆ ಮುಳುಗಿದ ಊರಿನ ಕಲ್ಲುಮೆಟ್ಟಿಲು ಕಾಲಿಗೆ ಸಿಕ್ಕಿದಂತಾಗುತ್ತಿತ್ತು. ಮೇಲೇರಿದರೆ ಸಾಲಿನ ಹೆಂಚುಗಳೆಲ್ಲ ಉಸಿರು ಹಿಡಿದಂತೆ. ತನ್ನ ಹೊಟ್ಟೆಯಲ್ಲಿ ಹುಟ್ಟಿ, ತನ್ನ ಕೈಯ ಗಂಜಿ ಕುಡಿದು ಬೆಳೆದವಳು ಇದನ್ನು ಎಲ್ಲಿಂದ ತಂದಳು? ಸೊಲ್ಲು ಮುಗಿದು ಖಾಲಿ ಜಾಗ ಬಂತು. ದುಗ್ಗಮ್ಮ ಎದ್ದಳು, ಕೈ ತೊಳೆದಳು, ತಂಬಿಗೆಗೆ ನೀರು ತುಂಬಿ ತಂದು ಹೊಸ್ತಿಲ ಮೇಲೆ ಇಟ್ಟಳು.

ಗಿರಣಿಯಿಂದ ಬಂದ ಮಂಜುನಾಥಪ್ಪ ಅದನ್ನು ನೋಡಿದ. "ಯಾರು ಬರ್ತಾರೆ?"

"ಯಾರೂ ಇಲ್ಲ."

ಅವನು ಆ ನೀರಲ್ಲಿ ಕಾಲು ತೊಳೆದು ಒಳಗೆ ಬಂದ.

ಕಚೇರಿಯ ದಿನ ಗಿರಣಿಗೆ ರಜೆ ಹೇಳಿ ಅವನೂ ಹೊರಟ. ಬಸ್ಸು ಆನಂದಪುರ ದಾಟಿ ರಿಪ್ಪನ್‌ಪೇಟೆಯ ಕೂಡುರಸ್ತೆಯಲ್ಲಿ ನಿಂತಾಗ, ಕೆಳಗೆ ಕೈಚೀಲ ಹಿಡಿದು ಕೆರಿಯಮ್ಮ ನಿಂತಿದ್ದಳು.

"ಅವ್ವಾ! ನೀ ಎಲ್ಲಿಗೆ?" ಎಂದ ಮಗ.

"ತುಂಗೇಲಿ ಮುಳುಗು ಹಾಕೋಕೆ. ಜರುಗು ಆಚೆ."

ತುಂಗೆಯ ದಡದ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ ಕಚೇರಿ. ಜಮಖಾನದ ಮುಂದಿನ ಸಾಲಿನಲ್ಲಿ ವಕೀಲರು, ಮೇಷ್ಟ್ರುಗಳು, ಸಂಗೀತ ಬಲ್ಲವರು. ಹಿಂದೆ ಹೆಂಗಸರು. ಹೂವಯ್ಯನವರದೇ ಪಿಟೀಲು, ಮೃದಂಗಕ್ಕೆ ಶಿವಮೊಗ್ಗದವರು. ಮೊದಲ ಕೃತಿ ಮುಗಿದಾಗ ಚಪ್ಪಾಳೆ ಶಾಸ್ತ್ರಕ್ಕೆ ಬಿತ್ತು. ಮೂರನೆಯದರ ಹೊತ್ತಿಗೆ ಮುಂದಿನ ಸಾಲಿನ ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. "ಇದು ಈ ಹುಡುಗೀದೇ ಅಂತೀರಾ?" ಎಂದು ಯಾರೋ ಪಕ್ಕದವರನ್ನು ಕೇಳಿದ್ದು ದುಗ್ಗಮ್ಮನಿಗೆ ಕೇಳಿಸಿತು. 'ನಂದೇ ಹುಡುಗಿ' ಎಂದು ಹೇಳಲು ಬಾಯಿ ತುರಿಸಿತು.

ಕೊನೆಗೆ ಹೊಸ್ತಿಲ ಸೊಲ್ಲು ಬಂತು. ಹಾಡಿ, ವಾಗ್ದೇವಿ ನಿಲ್ಲಿಸಿದಳು. ಪಿಟೀಲು ನಿಂತಿತು, ಮೃದಂಗ ನಿಂತಿತು. ತಂಬೂರಿ ಒಂದೇ ಮಿಡಿಯುತ್ತಿತ್ತು.

"ಮರೆತ್ಲು, ಪಾಪ," ಎಂದಿತು ಒಂದು ಗಂಡುದನಿ.

ಎರಡನೆಯ ಸಲ ಆ ಜಾಗ ಬಂದಾಗ ಯಾರೂ ಮಾತಾಡಲಿಲ್ಲ. ಕೆರಿಯಮ್ಮನ ಕೈ ಸೊಸೆಯ ಮೊಣಕಾಲನ್ನು ಹಿಡಿದು ಅಮುಕುತ್ತಿತ್ತು. ತುಟಿಗಳು ಬಿಗಿದಿದ್ದವು. ಅವಳು ಎತ್ತಲಿಲ್ಲ.

ಆ ಆವರ್ತ ಮುಗಿದು, ಮತ್ತೆ ಪಲ್ಲವಿ ಹಿಡಿಯಲು ವಾಗ್ದೇವಿ ಉಸಿರು ಎಳೆದುಕೊಂಡಳು. ಅವಳ ಬಾಯಿ ತೆರೆಯುವ ಮುಂಚೆ ಹಿಂದಿನ ಸಾಲಿನಿಂದ ಒಂದು ಹಳೆಯ, ಒಡೆದ, ಆದರೂ ಎಲ್ಲೂ ಅಲುಗದ ದನಿ ಎದ್ದಿತು:

ಹೊಸ್ತಿಲ ಮ್ಯಾಲಿನ ತಂಬಿಗೆ ನೀರು
ಯಾರಿಗೆ ಕಾದೈತೆ ಹೇಳವ್ವ

ಹಾಲೆಲ್ಲ ಹಿಂತಿರುಗಿತು. ಕೆರಿಯಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮೂಕಮ್ಮನ ಸೊಲ್ಲನ್ನು ಮೂಕಮ್ಮನ ಹಾಗೆಯೇ, ಕೊನೆಯ ಅಕ್ಷರವನ್ನು ತುಸು ಎಳೆದು, ಕೊಟ್ಟು ಕೂತಿದ್ದಳು.

"ಯಾರ್ರೀ ಅದು? ಸುಮ್ನಿರಿಸಿ!"

ಮಂಜುನಾಥಪ್ಪ ಗಂಡಸರ ಸಾಲಿನಿಂದ ಅರ್ಧ ಎದ್ದ. ದುಗ್ಗಮ್ಮ ಮಗಳನ್ನು ನೋಡಿದಳು. ಇಷ್ಟು ದಿನ ಸೊಲ್ಲು ಕೊಟ್ಟು ಕಾಯುತ್ತಿದ್ದವಳ ಬಾಗಿಲಿಗೇ ಈಗ ಸೊಲ್ಲು ಬಂದು ನಿಂತಿತ್ತು. ಸರಿಯಾದ ಉತ್ತರ ಅವಳಿಗೆ ಗೊತ್ತಿಲ್ಲ. ಎತ್ತದೆ ಬಿಡುವಂತೆಯೂ ಇಲ್ಲ. ವಾಗ್ದೇವಿ ವೇದಿಕೆಯ ಮೇಲಿಂದ ಅಜ್ಜಿಯ ಮುಖ ನೋಡಿದಳು, ಅವಳ ಮಡಿಲಲ್ಲಿದ್ದ ಕೈಚೀಲ ನೋಡಿದಳು, ಬಾಯಿ ತೆರೆದಳು:

ಊರು ಮುಳುಗಿಸಿದ ನೀರಲ್ಲ ನಮ್ಮವ್ವ
ಊರಿಗೆ ಬರುವೋರ್ಗೆ ಕಾದೈತೆ

ಎದ್ದಿದ್ದ ಮಂಜುನಾಥಪ್ಪ ಎದ್ದಂತೆಯೇ ನಿಂತ. ಹೂವಯ್ಯನವರ ಪಿಟೀಲಿನ ಕಮಾನು ಆ ದನಿಯ ಹಿಂದೆ ಹೊರಟಿತು. ಮುದುಕಿ ಮತ್ತೆ ಸೊಲ್ಲು ಕೊಟ್ಟಳು. ಮೊಮ್ಮಗಳು ಮತ್ತೆ ಎತ್ತಿದಳು, ಈ ಸಲ ಬೇರೆ ಮಾತು, ಬೇರೆ ಏರು. ಕೊಡುವುದು, ಎತ್ತುವುದು, ಕೊಡುವುದು, ಎತ್ತುವುದು. ಹಿಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದರು. 'ಸುಮ್ನಿರಿಸಿ' ಎಂದಿದ್ದವರು ಕೈಮುಗಿದುಕೊಂಡು ಕೂತಿದ್ದರು. ದುಗ್ಗಮ್ಮ ಜೀವಮಾನವೆಲ್ಲ ಒಲೆಯ ಮುಂದೆ ಕೂತು ಕೇಳಿಸಿಕೊಳ್ಳದೆ ಹೋದದ್ದು ಇಂದು ಎದುರಿಗೇ ನಡೆಯುತ್ತಿತ್ತು. ಹಾಡು ಯಾವಾಗ ನಿಂತಿತು ಎಂದು ತಿಳಿಯಲಿಲ್ಲ.

ಮರುದಿನದ ಬಸ್ಸಿನಲ್ಲಿ ಕೋಣಂದೂರು ದಾಟಿದ ಮೇಲೆ ದುಗ್ಗಮ್ಮ ಧೈರ್ಯ ಮಾಡಿದಳು. "ಅತ್ತೆ, ಮೂಕಮ್ಮತ್ತೆಗೆ ಕೊಟ್ಟ ಮಾತು?"

"ಅದಕ್ಕೆಂತಾಯ್ತು? ನಾ ಯಾರ ಸೊಲ್ಲು ಎತ್ತಿದೆ? ಕೊಟ್ಟೆ ಅಷ್ಟೆ. ಎತ್ತಿದ್ದು ಇವಳು."

ವಾಗ್ದೇವಿ ಮುಂದಿನ ಸೀಟಿನಿಂದ ತಿರುಗಿದಳು. "ಅಜ್ಜಿ, ನಾ ಹೇಳಿದ್ದು ಸರಿಯಾಯ್ತಾ? ನೀ ಹೇಳ್ತಿದ್ದದ್ದು ಅದೇನಾ?"

"ಸರಿಯಾದ್ದು ಅಂತ ಎಲ್ಲಿತ್ತೆ? ಹೊಸ್ತಿಲಿಗೆ ಬಂದ ಹೆಣ್ಣಿನ ಮುಖ ನೋಡಿ ಹೇಳೋದು. ಒಂದು ಮನೇಲಿ ಹೇಳಿದ್ದು ಇನ್ನೊಂದು ಮನೇಲಿ ಹೇಳಿದ್ರೆ ಮೂಕಿ ನನ್ನ ತುರುಬು ಕೀಳ್ತಿದ್ಲು."

"ಅದನ್ನ ಮೊದ್ಲೇ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀ ಅದನ್ನೂ ಬರ್ಕೊಂಡು ಬಾಯಿಪಾಠ ಮಾಡ್ತಿದ್ದೆ."

ಮಂಜುನಾಥಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ರಿಪ್ಪನ್‌ಪೇಟೆಯಲ್ಲಿ ಬಸ್ಸು ನಿಂತಾಗ ತಾಯಿಯ ಕೈಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. "ಇಳೀಬೇಡ ಅವ್ವ. ಮನೆಗೇ ಬಾ," ಎಂದ.

ಮುಂದಿನ ವಾರ ಅವನು ಹೊಸನಗರಕ್ಕೆ ಹೋದ. "ಹುಡುಗಿ ಸಭೇಲಿ ಹಾಡ್ತಾಳೆ, ರೇಡಿಯೋದಲ್ಲೂ ಹಾಡ್ತಾಳೆ, ಬಿಡೋದಿಲ್ಲ. ಅದಕ್ಕೆ ಒಪ್ಪಿಗೆ ಇದ್ರೆ ಎಲೆಯಡಿಕೆ ತಗೊಳ್ಳಿ," ಎಂದನಂತೆ. ಮಾಸ್ತಮ್ಮ ತೆಗೆದುಕೊಳ್ಳಲಿಲ್ಲ. ಕಾಫಿ ಕೊಟ್ಟು ಕಳಿಸಿದಳು. ಮನೆಗೆ ಬಂದವನು ಹುರುಳಿ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ವಾಗ್ದೇವಿ ಆ ಕೃತಿಯನ್ನು ಆಮೇಲೆ ಶಿವಮೊಗ್ಗದಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಹಾಡಿದಳು. ಉತ್ತರದ ಜಾಗವನ್ನು ಎಲ್ಲೂ ಬರೆದಿಡಲಿಲ್ಲ, ಒಂದೂರಿನಲ್ಲಿ ಹೇಳಿದ್ದನ್ನು ಇನ್ನೊಂದೂರಿನಲ್ಲಿ ಹೇಳಲಿಲ್ಲ. ಕೆರಿಯಮ್ಮ ಮತ್ತೆ ಮದುವೆಮನೆಗಳಲ್ಲಿ ಹಸೆಯ ಮುಂದೆ ಕೂತಳು. ಸೊಲ್ಲು ಕೊಟ್ಟಳು. ಸಾಯುವವರೆಗೆ ಯಾರ ಸೊಲ್ಲನ್ನೂ ಎತ್ತಲಿಲ್ಲ. ಮೂಕಮ್ಮನಿಗೆ ಕೊಟ್ಟ ಮಾತು ಉಳಿಯಿತು.